ಪದಚರ್ಚೆ: ‘ರಿಸೈನ್’, ‘ಟಾಂಟ್’, ‘ಫ್ಲೇರ್’, ‘ಜಿಜಿ’ – ಆಟದ ನಿಯಮಫಲಕಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟದ ಅಂತರಕಾಲೇಜು ಪಂದ್ಯಕ್ಕೆ ಮಾತುಕತೆಯ ನಿಯಮಗಳನ್ನು ಕನ್ನಡದಲ್ಲಿ ಬರೆಸುತ್ತಿದ್ದೇವೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ರಿಸೈನ್ ಎಂದರೆ ಸೋಲು ಖಚಿತವಾದಾಗ ಆಟಗಾರ ಮೆನುವಿನಲ್ಲಿ ಒತ್ತಿ ತಾನಾಗಿಯೇ ಆಟ ಮುಗಿಸುವುದು. ಯಂತ್ರಾನುವಾದ ‘ರಾಜೀನಾಮೆ’ ಎನ್ನುತ್ತಿದೆ. ಟಾಂಟ್ ಎಂದರೆ ಚಾಟ್‌ನಲ್ಲಿ ಬರೀ ಅಂಕಿ ಬರೆದು ಕಳಿಸಿದರೆ ಕೇಳಿಸುವ ಸಿದ್ಧ ಧ್ವನಿ. ಫ್ಲೇರ್ ಎಂದರೆ ಕಿರುನಕ್ಷೆಯಲ್ಲಿ ಒಂದು ಜಾಗದ ಮೇಲೆ ಮಿನುಗಿಸುವ ಗುರುತು, ಮಿತ್ರರಿಗಷ್ಟೇ ಕಾಣುತ್ತದೆ. ಜಿಜಿ ಎಂದರೆ ಆಟ ಮುಗಿಯುವಾಗ ಚಾಟ್‌ನಲ್ಲಿ ಬರೆಯುವ ‘ಗುಡ್ ಗೇಮ್’ನ ಚಿಕ್ಕ ರೂಪ. ಕೊನೆಗೆ, ‘ಗೆದ್ದವರು ಮೊದಲು ಜಿಜಿ ಹಾಕಬಾರದು’ ಎಂಬುದನ್ನು ಹೇಗೆ ಬರೆಯುವುದು? ವಾಕ್ಯ ಚಿಕ್ಕದಿರಬೇಕು.

— ಮಂಡ್ಯ

ಮರು:

ರಿಸೈನ್: ಸೋಲೊಪ್ಪು. ಟಾಂಟ್: ಮೂದಲಿಕೆ. ಫ್ಲೇರ್: ಸನ್ನೆ. ಜಿಜಿ: ಒಳ್ಳೆಯ ಆಟ. ಎಲ್ಲವೂ ಅಚ್ಚಗನ್ನಡ, ಎಲ್ಲರಿಗೂ ತಿಳಿಯುವಂಥವು.

ಮೂದಲಿಕೆಯಂತೂ ಯುದ್ಧದ್ದೇ ಮಾತು. ರನ್ನನ ಗದಾಯುದ್ಧದಲ್ಲಿ ಕೊಳದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಹೊರಗೆಳೆದದ್ದು ಗದೆಯಿಂದಲ್ಲ, ಮೂದಲಿಕೆಯಿಂದ. ಬೈಗುಳ ಬೇರೆ, ಅಣಕ ಬೇರೆ. ಎದುರಾಳಿಯ ಹಿಂದಿನ ಮಾತನ್ನೂ ಪೌರುಷವನ್ನೂ ಎತ್ತಿ ಚುಚ್ಚುವುದು ಮೂದಲಿಕೆ. ‘ಅಂಕಿಮೂದಲಿಕೆ’ ಎಂದು ಬರೆಯಿರಿ.

— ಮೈಸೂರು

ಮರು:

ಸನ್ನೆ ಅಚ್ಚಗನ್ನಡವಲ್ಲ, ‘ಸಂಜ್ಞೆ’ಯ ತದ್ಭವ.

ರಾಜೀನಾಮೆಯನ್ನು ಯಂತ್ರದ ತಪ್ಪೆಂದು ತಳ್ಳುವ ಮೊದಲು ಪದ ಬಿಡಿಸಿ ನೋಡಿ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಬರಹ. ಮುಂಬಯಿ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿ ಹೊಲ ಬಿಟ್ಟುಕೊಡುವವನು ಬರೆದುಕೊಡುತ್ತಿದ್ದದ್ದು ರಾಜೀನಾಮೆ, ಅದನ್ನು ವಹಿಸಿಕೊಳ್ಳುವವನದು ಕಬೂಲಾಯತ್. ಹೊಲ ಬಿಟ್ಟುಕೊಡಲು ನಮ್ಮ ಕಡೆ ಸಲ್ಲುತ್ತಿದ್ದ ಪದ ರಾಜ್ಯ ಬಿಟ್ಟುಕೊಡುವ ಆಟಕ್ಕೆ ಸಲ್ಲದೇ?

— ಧಾರವಾಡ

ಮರು:

ಸಲ್ಲದು. ಇಂದು ಫಲಕ ಓದುವ ಹುಡುಗ ‘ರಾಜೀನಾಮೆ ಕೊಡಿ’ ಎಂದರೆ ತಂಡವನ್ನೇ ಬಿಡಬೇಕು ಎಂದುಕೊಳ್ಳುತ್ತಾನೆ. ‘ಸೋಲೊಪ್ಪು’ ಸರಿ.

‘ಮೂದಲಿಕೆ’ಯೂ ತಪ್ಪು. ಆ ಅಂಕಿಗಳ ಪಟ್ಟಿ ನೋಡಿ: 1 ಹೌದು, 2 ಇಲ್ಲ, 3 ಆಹಾರ ಕೊಡಿ, 4 ಮರ, 5 ಚಿನ್ನ, 6 ಕಲ್ಲು. 11 ನಗು, 14 ‘ಬೇಗ ಆಟ ಶುರುಮಾಡು’. ದಾಳಿಯ ನಡುವೆ ವಾಕ್ಯ ಬರೆಯಲು ಪುರುಸೊತ್ತಿರುವುದಿಲ್ಲ. 5 ಬರೆದು ಎಂಟರ್ ಒತ್ತಿದರೆ ಸಂಗಾತಿಗೆ ತಿಳಿಯುತ್ತದೆ. ‘ಅಂಕಿಮೂದಲಿಕೆ ನಿಷೇಧ’ ಎಂದು ಬರೆದರೆ ಚಿನ್ನ ಕೇಳುವುದೂ ನಿಷೇಧವಾಗುತ್ತದೆ. ಕೆಡುವುದು ಎರಡು ಕಡೆ. ಒಂದು, ಎದುರಾಳಿ ಸೋಲೊಪ್ಪಿದ ಮೇಲೆ 11 ಕಳಿಸುವುದು. ಇನ್ನೊಂದು, ತಂಡಕ್ಕೆ ಹೋಗಬೇಕಾದದ್ದು ಎಲ್ಲರಿಗೂ ಹೋಗುವುದು. ನಿಮ್ಮ 5 ಎದುರಾಳಿಯ ಕಿವಿಗೆ ಬಿದ್ದರೆ ನಿಮ್ಮ ಚಿನ್ನ ತೀರಿದೆ ಎಂದು ನೀವೇ ಹೇಳಿಕೊಟ್ಟಂತೆ. ‘ಅಂಕಿಕೂಗು’ ಎನ್ನಿ. ಕೂಗು ಬೇಡಿಕೆಯೂ ಆಗಬಹುದು, ಕೆಣಕುವುದೂ ಆಗಬಹುದು.

ಜಿಜಿಯ ಉದ್ದ ರೂಪಕ್ಕೆ ‘ಒಳ್ಳೆಯ ಆಟ’ ಎಂಬ ಅರ್ಥವಿರುವುದು ನಿಜ, ಆದರೆ ಅದು ಮಾಡುವ ಕೆಲಸ ಬೇರೆ. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಎಂಬ ಇಂಥದ್ದೇ ಆಟದ ಕೊರಿಯಾದ ಪಂದ್ಯಗಳಲ್ಲಿ ಸೋತವನು ಜಿಜಿ ಎಂದು ಬರೆದು ಹೊರಡುವುದು ರೂಢಿ. ಗೆಲ್ಲುತ್ತಿರುವವನೇ ಮೊದಲು ಹಾಕಿದರೆ ‘ನಿನ್ನ ಕಥೆ ಮುಗಿಯಿತು, ಎದ್ದು ಹೋಗು’ ಎಂದಂತೆ. ತಂಡದ ಆಟದಲ್ಲಿ ಸಂಗಾತಿಯನ್ನು ಕೇಳದೆ ಒಬ್ಬನೇ ಹಾಕುವುದೂ ಅಷ್ಟೇ ಕೆಟ್ಟದ್ದು. ‘ಗೆದ್ದವರು ಒಳ್ಳೆಯ ಆಟ ಎನ್ನಬಾರದು’ ಎಂದು ಬರೆದರೆ ಯಾರಿಗೆ ಅರ್ಥವಾಗುತ್ತದೆ? ಕೊರಿಯನ್ನರು ಆ ಎರಡಕ್ಷರವನ್ನು ತಮ್ಮ ಲಿಪಿಯಲ್ಲಿ ಬರೆದು, ಹೊಡೆ ಎಂಬರ್ಥದ ತಮ್ಮದೇ ಕ್ರಿಯಾಪದ ಸೇರಿಸಿಕೊಂಡರು. ಆಟದಾಚೆಗೂ ‘ಕೈಚೆಲ್ಲು’ ಎನ್ನಲು ಅಲ್ಲಿ ಅದನ್ನು ಬಳಸುತ್ತಾರೆ. ನಮ್ಮಲ್ಲಿ ‘ಜಿಜಿ ಹಾಕು’ ಇದೆ, ಅದನ್ನೇ ಬರೆಯಿರಿ.

— ಬೆಂಗಳೂರು

ಮರು:

ಕ್ಲಿಕ್ ಮಾಡು, ಸೆಂಡ್ ಮಾಡು, ಜಿಜಿ ಹಾಕು. ಅರ್ಥ ಹೊರುವುದೆಲ್ಲ ಎರವಲು, ಬಾಲಕ್ಕೊಂದು ‘ಮಾಡು’ ‘ಹಾಕು’ ಮಾತ್ರ ನಮ್ಮದು. ಸೋಲೊಪ್ಪಿದ, ಸೋಲೊಪ್ಪದೆ, ಸೋಲೊಪ್ಪಿಸು – ಇದು ಎಲ್ಲ ರೂಪಕ್ಕೂ ಬಾಗುತ್ತದೆ. ಜಿಜಿ ಬಾಗುತ್ತದೆಯೇ?

— ಮೈಸೂರು

ಮರು:

‘ಇಸು’ ಹಚ್ಚಿ, ಬಾಗುತ್ತದೆ. ಖರೀದಿಸು, ಜಮಾಯಿಸು ಹುಟ್ಟಿದ್ದು ಹಾಗೆಯೇ. ಆ ಎರಡು ಪದ ಬಂದು ಕನ್ನಡ ಸೊರಗಿದ್ದು ಎಲ್ಲಿ, ತೋರಿಸಿ.

— ಧಾರವಾಡ

ಮರು:

ತದ್ಭವವೆಂದು ‘ಸನ್ನೆ’ಯನ್ನು ಬಿಡಬೇಡಿ. ಕಣ್ಸನ್ನೆ, ಕೈಸನ್ನೆ ಎಂದಾಗಲೇ ಸದ್ದಿಲ್ಲದೆ ನಮ್ಮವರಿಗಷ್ಟೇ ತಿಳಿಸುವ ಭಾವ ಬರುತ್ತದೆ. ಫ್ಲೇರ್ ಮಾಡುವುದೂ ಅದನ್ನೇ.

— ಶಿವಮೊಗ್ಗ

ಮರು:

ಎಲ್ಲರಿಗೂ ವಂದನೆ. ಅಂಗಡಿಗೆ ಹೋಗುತ್ತಿರುವ ಪಾಠ ಇದು:

ಎಂಟರ್ ಒತ್ತುವ ಮೊದಲು ಮಾತು ತಂಡಕ್ಕೋ ಎಲ್ಲರಿಗೋ ನೋಡಿಕೊಳ್ಳಿ.
ಅಂಕಿಕೂಗು ತಂಡಕ್ಕೆ ಮಾತ್ರ. ಸೋತವರಿಗೆ 11 ಕಳಿಸಬೇಡಿ.
ಒಂದೇ ಜಾಗಕ್ಕೆ ಪದೇ ಪದೇ ಸನ್ನೆ ಮಾಡಬೇಡಿ. ನಿಜವಾದ ದಾಳಿ ಬಂದಾಗ ಯಾರೂ ನೋಡುವುದಿಲ್ಲ.
ಮೊದಲ ಜಿಜಿ ಸೋತವರದು. ತಂಡದವರನ್ನು ಕೇಳಿ, ಜಿಜಿ ಹಾಕಿ, ಸೋಲೊಪ್ಪಿ ಹೊರಡಿ. ಕೇಬಲ್ ಕೀಳಬೇಡಿ.

— ಮಂಡ್ಯ

ಮರು:

ಮೊದಲ ಮೂರು ಸಾಲು ಸರಿಯಿವೆ. ಜಿಜಿಗೆ ನನ್ನ ಒಪ್ಪಿಗೆಯಿಲ್ಲ.

— ಮೈಸೂರು