ಸಹಾಯ ಬೇಕು: ಹೈಡ್ರೋಮೀಟರ್ ಜಾಡಿಯಲ್ಲಿ ಎರೆಮಣ್ಣು ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಸಿವಿಲ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಡೋಣಿ ನದಿ ದಂಡೆಯ ಎರೆಮಣ್ಣು ತಂದಿದ್ದೇವೆ. 75 ಮೈಕ್ರಾನ್ ಜರಡಿಯಲ್ಲಿ ಬಹುಪಾಲು ಇಳಿದುಹೋಗುತ್ತದೆ, ಹಾಗಾಗಿ ಕಣಗಳ ಗಾತ್ರ ತಿಳಿಯಲು ಹೈಡ್ರೋಮೀಟರೇ (ಮಣ್ಣು ಕದಡಿದ ನೀರಿನ ಸಾಂದ್ರತೆ ಅಳೆಯುವ ತೇಲುಗೊಳವೆ) ಗತಿ.

ಒಂದು ಲೀಟರಿಗೆ 33 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್, 7 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿದ ದ್ರಾವಣ, ಕಣಗಳು ಒಂದಕ್ಕೊಂದು ಅಂಟದಿರಲಿ ಅಂತ. ಅದರಲ್ಲಿ 100 ಮಿ.ಲೀ. ಮಣ್ಣಿಗೆ ಬೆರೆಸಿ, ಮಿಕ್ಸರಿನಲ್ಲಿ ಚೆನ್ನಾಗಿ ತಿರುಗಿಸಿ ಜಾಡಿಗೆ ಸುರಿಯುತ್ತೇವೆ. ಮೊದಲ ರೀಡಿಂಗ್‌ಗಳು ಸರಿಯಾಗೇ ಬರುತ್ತವೆ. ಆಮೇಲೆ ಒಡೆದ ಹಾಲಿನಂತೆ ಗಂಟುಗಂಟಾಗಿ ಕೆಳಗಿಳಿದು, ಮೇಲೆ ತಿಳಿನೀರು ನಿಲ್ಲುತ್ತದೆ. 2 ಮೈಕ್ರಾನಿಗಿಂತ ಸಣ್ಣ ಕಣ ಇಷ್ಟು ಬೇಗ ಕೂರಬಾರದು ಅಲ್ವಾ? ಹೀಗಾದರೆ ಜಿಗುಟು ಮಣ್ಣೆಲ್ಲ (ಆ ಅತಿ ಸಣ್ಣ ಕಣಗಳು) ಲೆಕ್ಕದಲ್ಲಿ ಹೂಳಾಗಿ (ಅದಕ್ಕಿಂತ ದಪ್ಪ ಕಣವಾಗಿ) ಬಿಡುತ್ತದೆ, ಗ್ರಾಫ್ ನಂಬುವಂತಿಲ್ಲ.

ನನ್ನ ಅನುಮಾನ ಉಪ್ಪಿನ ಮೇಲೆ, ಅದೇ ಕಣಗಳನ್ನು ಗಂಟು ಕಟ್ಟಿಸುತ್ತಿರಬಹುದು ಅಂತ. ಡೋಣಿ ನೀರು ಉಪ್ಪು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಮಣ್ಣಲ್ಲಿ ಸುಣ್ಣದ ಹರಳೂ ಜಾಸ್ತಿ ಇವೆ, ಆಸಿಡ್ ಹನಿ ಬಿದ್ದರೆ ಬುರುಬುರು ನೊರೆ ಬರುತ್ತದೆ.

ಬರೀ ಡಿಸ್ಟಿಲ್ಡ್ ನೀರಲ್ಲಿ ತೊಳೆದರೆ ಸಾಕಾ, ಇಲ್ಲ ಹೈಡ್ರೋಕ್ಲೋರಿಕ್ ಆಸಿಡ್ ಉಪಚಾರವೂ ಬೇಕಾ? ಆಸಿಡ್ ಹಾಕಿದರೆ ಸುಣ್ಣದ ಕಣಗಳೇ ಕರಗಿ ಹೋಗುತ್ತವಲ್ಲ, ಆ ತೂಕವನ್ನು ಹೇಗೆ ಹಿಡಿಯುವುದು? ಬಾಗಲಕೋಟೆ, ಬೆಳಗಾವಿ ಕಡೆ ಎರೆಮಣ್ಣಿನ ಮೇಲೆ ಕೆಲಸ ಮಾಡಿದ ಸರ್, ಮೇಡಂ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ರೀಡಿಂಗ್ ಹಾಳೆಯ ಫೋಟೊ ಬೇಕಿದ್ದರೆ ಹಾಕುತ್ತೇನೆ.