ಹಂಪಿಗೆ ಗೈಡ್ ಬೇಕಾ ಬೇಡ್ವಾ? ದುಡ್ಡು ಕೊಟ್ಟು ನಿರಾಸೆ ಆದವರು ಹೇಳಿ

ಪ್ರಶ್ನೆ: ಅಪ್ಪ-ಅಮ್ಮನ್ನ ಕರ್ಕೊಂಡು ಒಂದೇ ದಿನಕ್ಕೆ ಹಂಪಿಗೆ ಹೊರಟಿದ್ದೀವಿ. ಅಪ್ಪನಿಗೆ ಮಂಡಿನೋವು. ಹೋದ ಸಲ ಗೈಡ್ ಹಿಡಿದು ದುಡ್ಡು ಹೋಯ್ತೇ ಹೊರತು ಏನೂ ತಿಳೀಲಿಲ್ಲ. ಈ ಸಲ ಏನು ಮಾಡೋದು?

ತುಂಗಾತೀರ: ಬೇಡವೇ ಬೇಡ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಲ್ಲಿಸಿ, "ಆನೆಗಳು ಎಳೆಯುವ ರಥ, ಫೋಟೋ ತಗೊಳ್ಳಿ" ಅಂತ ಹೇಳಿ ಮುಂದೆ ನಡೀತಾರೆ. ಆ ಆನೆಗಳು ಆಮೇಲೆ ತಂದಿಟ್ಟವು. ಬಗ್ಗಿ ಆನೆಗಳ ಹಿಂಭಾಗ ನೋಡಿ: ಕುದುರೆಯ ಹಿಂಗಾಲು, ಬಾಲ ಈಗಲೂ ಇವೆ. ಮೊದಲು ಅಲ್ಲಿದ್ದದ್ದು ಕುದುರೆಗಳು. ರಥ ಅನ್ನೋದೂ ಆಕಾರದಲ್ಲಿ ಅಷ್ಟೇ, ಅದು ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರ ಇತ್ತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಕಾಣುತ್ತೆ. ಆ ಫೋಟೋ ಮೊಬೈಲಲ್ಲಿ ಇಟ್ಕೊಂಡು ಎದುರಿಗೆ ನಿಂತು ಹೋಲಿಸಿದರೆ ಐದೇ ನಿಮಿಷದಲ್ಲಿ ಎಲ್ಲ ಅರ್ಥ ಆಗುತ್ತೆ. ಇದಕ್ಕೆ ಸಾವಿರಗಟ್ಟಲೆ ಯಾಕೆ ಕೊಡಬೇಕು?

ನರಸಿಂಹನದ್ದೂ ಇದೇ ಕತೆ. "ಉಗ್ರ ನರಸಿಂಹ" ಅಂತ ಕೋಪದ ಕತೆ ಕಟ್ಟಿ ಮುಗಿಸ್ತಾರೆ. 1528ರಲ್ಲಿ ಕೃಷ್ಣದೇವರಾಯ ಪ್ರತಿಷ್ಠೆ ಮಾಡಿಸಿದ್ದು ಲಕ್ಷ್ಮೀನರಸಿಂಹನನ್ನು. ತೊಡೆಯ ಮೇಲಿನ ಲಕ್ಷ್ಮಿಯನ್ನು ಒಡೆದಿದ್ದಾರೆ, ಬೆನ್ನ ಮೇಲಿದ್ದ ಅವಳ ಕೈ ಮಾತ್ರ ಉಳಿದಿದೆ. ಆ ಕೈ ತೋರಿಸದ ಗೈಡ್ ಇನ್ನೇನು ತೋರಿಸ್ತಾನೆ?

ಹೊಸಪೇಟೆಯವ: ಒಬ್ಬರು ಮಾಡಿದ ತಪ್ಪಿಗೆ ಎಲ್ಲರ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ ಸರ್. ಕೆಡೋದು ಗೈಡ್ ಹಿಡಿಯೋ ರೀತಿಯೊಳಗ. ಬಸ್ ಇಳಿದ ಕೂಡ್ಲೇ ಯಾರು ಕೂಗ್ತಾರೋ ಅವರ ಹಿಂದ ಹೋಗಬ್ಯಾಡ್ರಿ. ಮೊದಲು ಪ್ರವಾಸೋದ್ಯಮ ಇಲಾಖೆ ಕೊಟ್ಟ ಫೋಟೋ ಇರೋ ಗುರುತಿನ ಚೀಟಿ ನೋಡ್ರಿ. ಆಮೇಲೆ ರೇಟು ಇಡೀ ಗುಂಪಿಗೋ ತಲೆಗೋ, ಎಷ್ಟು ತಾಸು, ಯಾವ ಯಾವ ಜಾಗ, ಆಟೋ ಬಾಡಿಗೆ ಒಳಗೋ ಹೊರಗೋ, ಎಲ್ಲಾ ಒಂದು ಚೀಟಿಯೊಳಗ ಬರೆಸ್ರಿ. "ಇಡೀ ದಿನ" ಅಂದ್ರ ಒಬ್ಬೊಬ್ಬರ ಲೆಕ್ಕ ಒಂದೊಂದು. ಅಂಗಡಿಗೆ ನಿಲ್ಲಿಸೋದು ಬ್ಯಾಡ ಅಂತ ಮೊದಲೇ ಹೇಳ್ರಿ, ಮುಕ್ಕಾಲು ತಾಸು ಹೋಗೋದೇ ಅಲ್ಲಿ.

ಇನ್ನೊಂದು. ಭಾಳ ಮಂದಿ ಇಂಗ್ಲಿಷು, ಹಿಂದಿಯೊಳಗ ಬಾಯಿಪಾಠ ಮಾಡಿರ್ತಾರ. ಕನ್ನಡದಾಗ ಕೇಳಿದ್ರ ಅದನ್ನೇ ತುಂಡು ಮಾಡಿ ಹೇಳ್ತಾರ. ಒಪ್ಪಂದಕ್ಕೆ ಮೊದಲು ಒಂದು ಕಂಬ ತೋರಿಸಿ "ಇದರ ಮೇಲೆ ಏನೈತಿ?" ಅಂತ ಕೇಳಿ ನೋಡ್ರಿ. ಕಲ್ಲಿನ ಕಡೆ ನೋಡಿ ಉತ್ತರ ಕೊಡೋರನ್ನ ಹಿಡೀರಿ.

ಬಳ್ಳಾರಿ ಮೇಡಂ: ನಿರಾಸೆಗೆ ಅರ್ಧ ಕಾರಣ ನೋಡುವ ಕ್ರಮ. ಎಲ್ಲರೂ ಕಮಲಾಪುರದ ಮ್ಯೂಸಿಯಂ ಕೊನೆಗೆ ಇಡ್ತಾರೆ. ಅಷ್ಟರಲ್ಲಿ ಕಾಲು ಸೋತಿರುತ್ತೆ, ಇಲ್ಲಾ ಬಾಗಿಲು ಹಾಕಿರುತ್ತೆ. ಅದನ್ನೇ ಮೊದಲು ನೋಡಿ. ಒಳಾಂಗಣದಲ್ಲಿ ಬೆಟ್ಟ, ಹೊಳೆ, ಗುಡಿ ಎಲ್ಲ ಸೇರಿಸಿ ಮಾಡಿದ ಹಂಪಿಯ ಮಾದರಿ ಇದೆ. ಅದರ ಸುತ್ತ ಒಂದು ಸುತ್ತು ಬಂದರೆ ವಿರೂಪಾಕ್ಷ ಎಲ್ಲಿ, ಅರಮನೆ ಎಲ್ಲಿ ಅನ್ನೋದು ತಲೆಯಲ್ಲಿ ಕೂರುತ್ತೆ. ಶುಕ್ರವಾರ ರಜೆ, ಆ ದಿನ ಹೋಗಬೇಡಿ.

ವಿಠ್ಠಲ ದೇವಸ್ಥಾನದ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ಆನ್‌ಲೈನ್‌ನಲ್ಲಿ 35, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿಗೂ ಮ್ಯೂಸಿಯಂಗೂ ನಡೆಯುತ್ತೆ. ಹರಿದು ಬಿಸಾಕಿದರೆ ಮತ್ತೆ ಕೊಡಬೇಕು. ನಾಲ್ಕು ಜನಕ್ಕೆ 160 ಹೋಯ್ತು ಅಂತಲೇ ಲೆಕ್ಕ.

ತುಂಗಾತೀರ: ಹೊಸಪೇಟೆಯವರೇ, ಗುರುತಿನ ಚೀಟಿ ಇದ್ದೋರೂ ಅದೇ ಸುಳ್ಳು ಹೇಳ್ತಾರೆ. ಹಜಾರ ರಾಮ ದೇವಸ್ಥಾನದಲ್ಲಿ "ಹಜಾರ್ ಅಂದ್ರೆ ಸಾವಿರ, ಸಾವಿರ ರಾಮ" ಅಂತಾರಲ್ಲ!

ಹೊಸಪೇಟೆಯವ: ಗ್ವಾಡಿ ತುಂಬ ರಾಮಾಯಣ ಐತಿ. ಮಂದಿ ಹಂಗ ಕರೀತಾರ, ಅದರಾಗ ಏನು ತಪ್ಪು?

ತುಂಗಾತೀರ: ತಪ್ಪೇ. ಹಜಾರ ಅಂದ್ರೆ ಅರಮನೆಯ ಮೊಗಸಾಲೆ. ತೆಲುಗಿನಲ್ಲಿ "ಹಜಾರಮು". ನಮ್ಮ ಮನೆಗಳಲ್ಲೂ ನಡುಮನೆಗೆ ಹಜಾರ ಅಂತೀವಿ, ಅಷ್ಟೂ ಹೊಳೀಬಾರದಾ? ಅರಮನೆಯ ಅಂಗಳದ ರಾಮ ಅವನು.

ಹೊಸಪೇಟೆಯವ: ಪುಸ್ತಕ ಓದಿದವರಿಗೆ ಬಿಸಿಲಾಗ ದುಡಿಯೋರನ್ನ ಕಂಡ್ರ ತಾತ್ಸಾರ. ಏಪ್ರಿಲ್ ಬಿಸಿಲಾಗ ಒಂದು ದಿನ ಕಲ್ಲಿನ ಮ್ಯಾಲೆ ನಿಂತು ಹೇಳ್ರಿ ನೋಡೋಣ.

ಶಾಸನಪ್ರಿಯ: ಇಬ್ಬರೂ ಸ್ವಲ್ಪ ನಿಲ್ಲಿ. ವಿಠ್ಠಲದಲ್ಲಿ ತಟ್ಟಿದರೆ ಸ್ವರ ಬರುವ ಕಂಬಗಳಿವೆ. "ಸಪ್ತಸ್ವರ ಕಂಬವನ್ನು ಇಂಗ್ಲಿಷರು ಕತ್ತರಿಸಿ ಒಳಗೇನಿದೆ ಅಂತ ನೋಡಿದರು" ಅಂತ ಗೈಡ್‌ಗಳು ಹೇಳಿದಾಗ ಆಧಾರ ಕೇಳೋದು ತಾತ್ಸಾರ ಅಲ್ಲ. ಆ ಕಂಬಗಳನ್ನು ತಟ್ಟುವಂತಿಲ್ಲ. ತಟ್ಟಿ ತೋರಿಸ್ತೀನಿ ಅನ್ನೋರನ್ನ ಅಲ್ಲೇ ಬಿಡಿ.

ಪ್ರಶ್ನೆ ಕೇಳಿದವರು: ಅಪ್ಪನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ…

ಬಳ್ಳಾರಿ ಮೇಡಂ: ಮಾತಂಗ ಬೆಟ್ಟ, ಮಹಾನವಮಿ ದಿಬ್ಬದ ಮೆಟ್ಟಿಲು ಎರಡನ್ನೂ ಬಿಡಿ. ವಿಠ್ಠಲಕ್ಕೆ ವಾಹನ ನಿಲ್ಲಿಸುವಲ್ಲಿಂದ ಬ್ಯಾಟರಿ ಗಾಡಿ ಇದೆ, ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋದರೆ ಸಾಲು ಕಮ್ಮಿ. ಕಮಲ ಮಹಲು, ಗಜಶಾಲೆ ಎರಡೂ ಸಮತಟ್ಟು. ಗಜಶಾಲೆಯ ಎದುರು ನೆರಳಲ್ಲಿ ಅಪ್ಪನನ್ನ ಕೂರಿಸಿ. ಹನ್ನೊಂದು ಕೋಣೆ, ಗುಮ್ಮಟ ಒಂದೇ ಥರ ಇಲ್ಲ. ನಡುವಿನಿಂದ ಎಡಕ್ಕೆ ಹೇಗೋ ಬಲಕ್ಕೂ ಹಾಗೇ ಜೋಡಿ ಬರುತ್ತೆ. ಕೂತಲ್ಲೇ ಎಣಿಸಬಹುದು.

ತುಂಗಾತೀರ: ಕೃಷ್ಣ ದೇವಸ್ಥಾನದಲ್ಲಿ ಗರ್ಭಗುಡಿ ಖಾಲಿ ಯಾಕೆ ಅಂತಾನೂ ಹೇಳಲ್ಲ. ಕೃಷ್ಣದೇವರಾಯ ಉದಯಗಿರಿ ಗೆದ್ದು ತಂದ ಬಾಲಕೃಷ್ಣ ಈಗ ಚೆನ್ನೈ ಮ್ಯೂಸಿಯಂನಲ್ಲಿದ್ದಾನೆ.

ಹೊಸಪೇಟೆಯವ: ನಾವು ಹೇಳ್ತೀವ್ರಿ. ಕೇಳೋರು ಸೆಲ್ಫಿಯೊಳಗ ಇರ್ತಾರ.

ಶಾಸನಪ್ರಿಯ: ಅರಮನೆ ಆವರಣದ ಮೆಟ್ಟಿಲ ಕೊಳ, ಪುಷ್ಕರಣಿ ಮಾತ್ರ ತಪ್ಪಿಸಬೇಡಿ. ಕಪ್ಪು ಕಲ್ಲಿನ ಮೆಟ್ಟಿಲುಗಳ ಮೇಲೆ ಅಕ್ಷರ ಕೊರೆದಿದ್ದಾರೆ. ಯಾವ ದಿಕ್ಕು, ಯಾವ ಸಾಲು ಅಂತ ಕಲ್ಲುಕುಟಿಗರು ಜೋಡಿಸೋದಕ್ಕೆ ಹಾಕಿಕೊಂಡ ಗುರುತು. ಮೊಬೈಲಲ್ಲಿ ಜೂಮ್ ಮಾಡಿ ಅಪ್ಪನಿಗೆ ತೋರಿಸಿ.