ಹೊಳೆಯ ದಡ ಸವೆಯುತ್ತದೋ, ಕೊರೆದುಹೋಗುತ್ತದೋ?

ಎಂಟನೇ ತರಗತಿಯ ಮಕ್ಕಳಿಗೆ ನದಿಗಳ ಬಗ್ಗೆ ಒಂದು ಪಾಠ ಬರೆಯುತ್ತಾ ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಬಳುಕಿ ಹರಿಯುವ ಹೊಳೆ ತನ್ನ ದಡವನ್ನೇ ತಿನ್ನುತ್ತದಲ್ಲ, ಅದಕ್ಕೆ ಪುಸ್ತಕಗಳಲ್ಲಿ ‘ಸವೆತ’ ಅಂತ ಇರುತ್ತದೆ. ನನಗೆ ಒಪ್ಪುತ್ತಿಲ್ಲ. ಸವೆಯುವುದು ಅಂದರೆ ಚಪ್ಪಲಿ ಸವೆದ ಹಾಗೆ, ಒರಳು ಸವೆದ ಹಾಗೆ, ಉಜ್ಜಿ ಉಜ್ಜಿ ತೆಳ್ಳಗಾಗುವುದು, ಅಲ್ವಾ?

ಹೊಳೆಯ ಕೆಲಸ ಬೇರೆ. ನಮ್ಮಜ್ಜನ ತೋಟ ಹೊಳೆಯ ತಿರುವಿನಲ್ಲೇ ಇತ್ತು. ಮಳೆಗಾಲದಲ್ಲಿ ನೀರು ದಡದ ಬುಡಕ್ಕೆ ಬಡಿದು ಒಳಗೊಳಗೇ ಪೊಟರೆ ಮಾಡುತ್ತಿತ್ತು, ಮೇಲೆ ನೋಡಿದರೆ ಹುಲ್ಲು ಹಸಿರಾಗಿ ಏನೂ ಆಗದ ಹಾಗೆ ಇರುತ್ತಿತ್ತು, ನೀರು ಇಳಿದ ಮೇಲೆ ಒಂದು ದಿನ ತೆಂಗಿನಮರದ ಸಮೇತ ಮಾರುದ್ದ ನೆಲ ಧೊಪ್ಪನೆ ಬೀಳುತ್ತಿತ್ತು. ಅಜ್ಜ ‘ಹೊಳೆ ಕೊರೀತು’ ಅನ್ನುತ್ತಿದ್ದರು. ‘ಸವೀತು’ ಅಂದದ್ದು ಕೇಳಿಲ್ಲ. ಕರಾವಳಿಯವರ ‘ಕಡಲ್ಕೊರೆತ’ ಪತ್ರಿಕೆಗಳಲ್ಲೂ ಬಳಕೆಯಲ್ಲಿದೆ. ಹಾಗಿದ್ದರೆ ‘ದಡಕೊರೆತ’ ಯಾಕಾಗಬಾರದು?

ಎದುರು ದಡದ್ದು ಇನ್ನೂ ಕಷ್ಟ. ತಿರುವಿನ ಹೊರಬದಿಯಲ್ಲಿ ನೀರಿನ ರಭಸ ಜಾಸ್ತಿ, ಅಲ್ಲಿ ಕೊರೆತ, ಆಳವಾದ ಮಡು. ಒಳಬದಿಯಲ್ಲಿ ನೀರು ನಿಧಾನ, ಅಲ್ಲಿ ಮರಳು. ಟೀಪುಡಿ ಇರುವ ಲೋಟವನ್ನು ಚಮಚದಲ್ಲಿ ಗಿರ್ರನೆ ತಿರುಗಿಸಿ ಬಿಡಿ, ಚರಟ ಅಂಚಿಗೆ ಹೋಗದೆ ತಳದ ನಡುವೆ ಬಂದು ಕೂರುತ್ತದೆ. ತಳಕ್ಕೆ ತಾಗಿದ ನೀರು ವೇಗ ಕಳೆದುಕೊಂಡು ಒಳಕ್ಕೆ ಸರಿಯುವುದೇ ಇದಕ್ಕೆ ಕಾರಣ, ಹೊಳೆಯ ತಿರುವಿನಲ್ಲೂ ಹೀಗೇ ಆಗುತ್ತದೆ ಅಂತ ಐನ್‌ಸ್ಟೈನ್ 1926ರಲ್ಲಿ ಬರೆದಿದ್ದರು. ಹೀಗೆ ಒಂದು ದಡ ಕರಗಿ, ಇನ್ನೊಂದು ಬೆಳೆದು, ಹೊಳೆಯೇ ಮಗ್ಗುಲು ಬದಲಿಸುತ್ತದೆ. ‘ಅಂಕುಡೊಂಕು’ ಅಂದರೆ ಬರೀ ಆಕಾರ, ಈ ಹೊರಳಾಟ ಅದರಲ್ಲಿ ಬರುವುದಿಲ್ಲ.

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಅನ್ನುವ ಶಾಪದಲ್ಲಿ ಎರಡೂ ಜೊತೆಗೇ ಬಂದಿವೆ ನೋಡಿ. ಕಾವೇರಿ ಬಳಸಿ ತಿರುಗುವ ಜಾಗ ಅದು. ತಲಕಾಡಿನ ಗುಡ್ಡೆಗಳಲ್ಲಿ ಗಾಳಿ ತೂರಿ ತಂದ ಮರಳೂ ಇದೆ, ನಿಜ. ಆದರೂ ಈ ಮಾತು ಹೊಳೆಯನ್ನು ದಿನಾ ನೋಡುತ್ತಿದ್ದವರ ಬಾಯಿಂದ ಬಂದದ್ದು ಅಂತಲೇ ನನಗೆ ಅನಿಸುತ್ತದೆ.

ಮಡುವಿಗೆ ಪದ ಇದೆ. ಒಳತಿರುವಿನ ಮರಳಿಗೆ? ‘ಕುದುರು’, ‘ನಡುಗಡ್ಡೆ’ ಅಂದರೆ ಸುತ್ತ ನೀರಿರಬೇಕು. ‘ಮರಳದಿಣ್ಣೆ’ ಎಲ್ಲಿ ಬೇಕಾದರೂ ಇರಬಹುದು.

ಇನ್ನೊಂದು. ತಿರುವು ತೀರಾ ಬಾಗಿ, ಅದರ ಕುತ್ತಿಗೆ ಕಡಿದು ಹೊಳೆ ನೇರ ಹರಿದಾಗ ಹಿಂದೆ ಉಳಿಯುವ ನೀರಿಗೆ ಇಂಗ್ಲಿಷಿನವರು ನೊಗಕ್ಕೆ ಸೇರಿಸಿ ಎತ್ತಿನ ಕೊರಳಿಗೆ ಹಾಕುವ ಬಾಗಿದ ಮರದ ಹೆಸರಿಟ್ಟಿದ್ದಾರೆ, ಹಿಂದಿಯವರು ಹಸುವಿನ ಗೊರಸಿನ ಹೆಸರು. ‘ನೊಗದ ಕೆರೆ’ ಅನ್ನಲು ಮನಸ್ಸಿಲ್ಲ, ನಮ್ಮ ನೊಗ ನೆಟ್ಟಗಿರುತ್ತದೆ, ಕೊರಳಿಗೆ ಹಗ್ಗದ ಜತ್ತಿಗೆ. ನನಗೆ ‘ಲಾಳಗೆರೆ’ ಹಿಡಿಸಿದೆ.

ಕೃಷ್ಣಾ, ಭೀಮಾ, ತುಂಗಭದ್ರೆಯ ಕಡೆಯವರು ದಯವಿಟ್ಟು ಹೇಳಿ. ಹೊಳೆ ಬಿಟ್ಟುಕೊಟ್ಟ ಮರಳಲ್ಲಿ ಬೇಸಿಗೆಗೆ ಕಲ್ಲಂಗಡಿ ಹಾಕುತ್ತಾರಲ್ಲ, ಆ ನೆಲಕ್ಕೆ ನಿಮ್ಮಲ್ಲಿ ಏನಂತೀರಿ?